ತಂತಿ ಮೇಲಿನ ನೀಲಕಂಠ ಮನೆಯ ಮೇಜಿನ ಮೇಲೆ: ಕತ್ತು ಹೊರಳಿಸುವ ಯಂತ್ರದ ಹಕ್ಕಿ ಮಾಡುವುದು ಹೇಗೆ?

ಕೊಪ್ಪಳದಿಂದ ಕಿನ್ನಾಳದ ಕಡೆ ಹೊರಟರೆ ಹೊಲದ ಪಕ್ಕದ ಕರೆಂಟ್ ತಂತಿ ಮೇಲೆ ಒಂದಲ್ಲ ಒಂದು ನೀಲಕಂಠ ಕಾಣುತ್ತದೆ. ದಾಸಮಗರೆ ಅಂತಲೂ ಕರೆಯುತ್ತಾರೆ. ನಮ್ಮ ರಾಜ್ಯದ ಹಕ್ಕಿ. ಗಾಡಿ ನಿಲ್ಲಿಸಿ ಐದು ನಿಮಿಷ ಅದನ್ನೇ ನೋಡಿ. ಸುಮ್ನೆ ಕೂತಿರುತ್ತದೆ. ಪಟ್ಟನೆ ಎಡಕ್ಕೆ ನೋಡುತ್ತದೆ. ಮತ್ತೆ ಸುಮ್ನೆ. ಆಮೇಲೆ ನೆಲದ ಕಡೆ ಒಂದು ನೋಟ, ಬಾಲ ಒಂದು ಸಲ ಮೇಲೆ ಕೆಳಗೆ. ನಾನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು, ಯಾವ ಚಲನೆ ಎಷ್ಟು ಸೆಕೆಂಡಿಗೆ ಬಂತು ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಮೋಟರ್ ಕೊಳ್ಳುವ ಮೊದಲು ನೀವೂ ಇದನ್ನು ಮಾಡಿ. ಹಕ್ಕಿಗೆ ಜೀವ ಬರುವುದು ಅದು ಅಲುಗಾಡದೆ ಕೂತ ಹೊತ್ತಿನಲ್ಲಿ. ಇದು ಗೊತ್ತಾಗಲು ನನಗೆ ಎರಡು ಹಕ್ಕಿ ಬೇಕಾದವು.

ನಾನು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ರಾತ್ರಿ ಊಟ ಆದಮೇಲೆ ಮಾಡಿ ನೋಡಿ, ಕೆಡಿಸಿ, ಮತ್ತೆ ಮಾಡಿ ಕಲಿತೆ. 1963ರಲ್ಲಿ ಅಮೆರಿಕದ ಡಿಸ್ನಿಲ್ಯಾಂಡ್‌ನಲ್ಲಿ ಯಂತ್ರದ ಹಕ್ಕಿಗಳು ಹಾಡಲು ಶುರು ಮಾಡಿದಾಗ ಅದರ ಹಿಂದೆ ದೊಡ್ಡ ಕಂಪನಿಯೇ ಇತ್ತು. ಈಗ ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು ಸಾಕು.

ಬೇಕಾಗುವ ಸಾಮಾನು

ಎಸ್‌ಜಿ90 ಸರ್ವೋ ಮೋಟರ್ ನಾಲ್ಕು, ಆರ್ಡುಯಿನೊ ನ್ಯಾನೊ ಬೋರ್ಡ್ (ಪ್ರೋಗ್ರಾಂ ಹಾಕಿ ಮೋಟರ್ ಆಡಿಸುವ ಪುಟ್ಟ ಕಂಪ್ಯೂಟರ್) ಒಂದು, 5 ವೋಲ್ಟ್ 2 ಆಂಪ್ ಅಡಾಪ್ಟರ್, 1000 ಮೈಕ್ರೊಫ್ಯಾರಡ್ ಕೆಪಾಸಿಟರ್ (ಕರೆಂಟ್ ಏರಿಳಿತ ತಡೆಯಲು), ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಸಿಕ್ಕಿಸುವ ತೂತಿನ ಹಲಗೆ), ಜಂಪರ್ ವೈರ್. ಇವನ್ನು ಆನ್‌ಲೈನ್‌ನಲ್ಲಿ ತರಿಸಿದೆ. 3 ಮಿಲಿಮೀಟರ್ ಪ್ಲೈ, ಸಣ್ಣ ಸ್ಕ್ರೂ, ಒಂದು ಮಿಲಿಮೀಟರ್ ಸ್ಟೀಲ್ ತಂತಿ, ದರ್ಜಿ ಅಂಗಡಿಯ ಚಿಂದಿ ಬಟ್ಟೆ ಊರಲ್ಲೇ ಸಿಗುತ್ತವೆ. ಸರ್ವೋ ಒಂದು 9 ಗ್ರಾಂ ತೂಗುತ್ತದೆ. ಹೇಳಿದ ಕೋನಕ್ಕೆ ತಿರುಗಿ ಅಲ್ಲೇ ನಿಲ್ಲುವುದು ಅದರ ಗುಣ.

ನಿಜವಾದ ನೀಲಕಂಠ 30–34 ಸೆಂಟಿಮೀಟರ್ ಇರುತ್ತದೆ. ಆ ಅಳತೆಯ ತಲೆಯೊಳಗೆ ಸರ್ವೋ ಕೂರಿಸುವುದು ತುಂಬಾ ಕಷ್ಟ. ಒಂದೂವರೆ ಪಟ್ಟು, ಅಂದರೆ ಸುಮಾರು 45–50 ಸೆಂಟಿಮೀಟರ್ ಮಾಡಿ. ನೋಡುವವರಿಗೆ ಅದು ದೊಡ್ಡದು ಅನಿಸುವುದಿಲ್ಲ.

ಕತ್ತು, ಕೊಕ್ಕು, ಬಾಲ

ಪ್ಲೈಯಿಂದ ಹಕ್ಕಿಯ ಪಕ್ಕೆಲುಬಿನಂಥ ಚೌಕಟ್ಟು ಕೊರೆಯಿರಿ. ಮೊದಲ ಸರ್ವೋವನ್ನು ಎದೆಯೊಳಗೆ, ಅದರ ತಿರುಗುವ ಅಚ್ಚು ಮೇಲ್ಮುಖವಾಗಿ ಬರುವಂತೆ ನಿಲ್ಲಿಸಿ. ಇದು ಕತ್ತನ್ನು ಎಡಬಲಕ್ಕೆ ತಿರುಗಿಸುತ್ತದೆ. ಅದರ ಮೇಲೆ ಸಣ್ಣ ಪ್ಲೈ ತುಂಡು, ತುಂಡಿನ ಮೇಲೆ ಎರಡನೇ ಸರ್ವೋ. ಇದು ತಲೆಯನ್ನು ಮೇಲೆ ಕೆಳಗೆ ಮಾಡುತ್ತದೆ. ಮೂರನೆಯದು ತಲೆಯೊಳಗೆ, ಕೊಕ್ಕಿಗೆ. ಮೇಲಿನ ಕೊಕ್ಕು ಅಲುಗಾಡಬಾರದು. ಕೆಳಗಿನದಕ್ಕೆ ಗುಂಡುಸೂಜಿಯನ್ನೇ ಕೀಲು ಮಾಡಿ, ಸ್ಟೀಲ್ ತಂತಿಯಿಂದ ಸರ್ವೋಗೆ ಜೋಡಿಸಿ. ಬಾಲಕ್ಕೂ ಇದೇ ಉಪಾಯ. ರೆಕ್ಕೆಯ ಗೋಜಿಗೆ ಮೊದಲ ಹಕ್ಕಿಯಲ್ಲಿ ಹೋಗಬೇಡಿ. ಕೂತ ನೀಲಕಂಠಕ್ಕೆ ಈ ನಾಲ್ಕು ಚಲನೆ ಧಾರಾಳ.

ಸರ್ವೋ ಕೂರಿಸುವ ಮೊದಲು ಅದನ್ನು ಬೋರ್ಡಿಗೆ ಹಚ್ಚಿ 90 ಡಿಗ್ರಿಗೆ ತನ್ನಿ. ಆಮೇಲೆ ಸರ್ವೋ ಜೊತೆ ಬರುವ ಬಿಳಿ ಪ್ಲಾಸ್ಟಿಕ್ ಕಡ್ಡಿಯನ್ನು ಅಚ್ಚಿಗೆ ನೇರಕ್ಕೆ ಸಿಕ್ಕಿಸಿ. ಇದನ್ನು ಬಿಟ್ಟರೆ ಹಕ್ಕಿ ಬಲಕ್ಕೆ ಪೂರ್ತಿ ತಿರುಗುತ್ತದೆ, ಎಡಕ್ಕೆ ಅರ್ಧದಲ್ಲೇ ನಿಲ್ಲುತ್ತದೆ. ತಲೆಯ ತೂಕವೂ ಅಚ್ಚಿನ ಮೇಲೆಯೇ ಬೀಳಬೇಕು. ಕೊಕ್ಕಿನ ಕಡೆ ಭಾರ ಜಾಸ್ತಿ ಅನಿಸಿದರೆ ತಲೆಯ ಹಿಂದೆ ಒಂದು ನಟ್ ಅಂಟಿಸಿ ಸರಿದೂಗಿಸಿ.

ಚೌಕಟ್ಟಿಗೆ ಸ್ಕ್ರೂ ಹಾಕಿ, ಗ್ಲೂ ಗನ್ ನಂಬಬೇಡಿ. ನನ್ನ ಮೊದಲ ಹಕ್ಕಿಯನ್ನು ಏಪ್ರಿಲ್‌ನಲ್ಲಿ ಕಿಟಕಿಯ ಬಿಸಿಲಿಗೆ ಇಟ್ಟಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಅಂಟು ಮೆತ್ತಗಾಗಿ, ಕತ್ತಿನ ಸರ್ವೋ ಜಾರಿ, ಹಕ್ಕಿ ಎದೆಯ ಮೇಲೆ ತಲೆ ಇಟ್ಟುಕೊಂಡಿತ್ತು. ನಮ್ಮ ಕಡೆಯ ಬಿಸಿಲು ಅಂಥದ್ದು.

ಕರೆಂಟ್ ವಿಷಯ

ಹೊಸಬರು ಕೈ ಚೆಲ್ಲುವುದು ಇಲ್ಲೇ. ಸರ್ವೋದಿಂದ ಮೂರು ವೈರ್ ಬರುತ್ತವೆ: ಕಂದು ಗ್ರೌಂಡ್ (ಮೈನಸ್), ಕೆಂಪು 5 ವೋಲ್ಟ್, ಕಿತ್ತಳೆ ಸಿಗ್ನಲ್. ಕಿತ್ತಳೆ ಮಾತ್ರ ಬೋರ್ಡಿಗೆ ಹೋಗಬೇಕು. ಕೆಂಪು, ಕಂದು ನೇರ ಅಡಾಪ್ಟರಿಗೆ. ನಾಲ್ಕು ಸರ್ವೋ ಒಟ್ಟಿಗೆ ಎಳೆದರೆ ಯುಎಸ್‌ಬಿಯಿಂದ ಬರುವ ಕರೆಂಟ್ ಸಾಲುವುದಿಲ್ಲ, ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಅಡಾಪ್ಟರಿನ ಗ್ರೌಂಡ್ ಮತ್ತು ಬೋರ್ಡಿನ ಗ್ರೌಂಡ್ ಎರಡನ್ನೂ ಒಂದಕ್ಕೊಂದು ಸೇರಿಸಲೇಬೇಕು. ಸೇರಿಸದಿದ್ದರೆ ಹಕ್ಕಿ ಜ್ವರ ಬಂದವರ ಹಾಗೆ ನಡುಗುತ್ತದೆ. ಒಂದು ವಾರ ನಾನು ಸರ್ವೋ ಕೆಟ್ಟಿದೆ ಅಂದುಕೊಂಡು ಬಿಚ್ಚಿ ಬಿಚ್ಚಿ ನೋಡಿದೆ. ಬೇಕಾಗಿದ್ದದ್ದು ಒಂದು ಕರಿ ವೈರ್. ಕೆಪಾಸಿಟರನ್ನು ಅಡಾಪ್ಟರಿನ ಪ್ಲಸ್ ಮೈನಸ್ ನಡುವೆ ಹಾಕಿ. ಅದರ ಮೈನಸ್ ಕಾಲು ಗ್ರೌಂಡಿಗೇ ಬರಲಿ, ತಿರುವುಮುರುವಾದರೆ ಸಿಡಿಯುತ್ತದೆ.

ಮೈ ಕಟ್ಟುವುದು

ಇದಕ್ಕೆ ಕಿನ್ನಾಳಕ್ಕಿಂತ ದೊಡ್ಡ ಶಾಲೆ ಬೇಕಾ? ಅಲ್ಲಿನ ಚಿತ್ರಗಾರ ಮನೆತನದವರು ಹಗುರ ಮರದ ಗೊಂಬೆ ಮಾಡಿ, ಮೇಲೆ ಕಿಟ್ಟ ಬಳಿಯುತ್ತಾರೆ. ಸೆಣಬಿನ ಚಿಂದಿ ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಮುದ್ದೆ ಅದು. ನಮ್ಮ ಹಕ್ಕಿಯ ತಲೆ ಇನ್ನೂ ಹಗುರ ಇರಬೇಕು. ಅದಕ್ಕೇ ನಾನು ಅಂಟನ್ನು ಮಾತ್ರ ಅವರಿಂದ ಕಲಿತೆ.

ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ ರುಬ್ಬಿ. ನೀರು ಬೆರೆಸಿ ಗಂಜಿಯ ಹದಕ್ಕೆ ಕುದಿಸಿ. ಒಂದು ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಹಿಡಿಯುವುದಿಲ್ಲ. ಅದು ವಿಷ, ಅಡುಗೆ ಪಾತ್ರೆ ಬೇಡ, ಮಕ್ಕಳ ಕೈಗೆ ಸಿಗಬಾರದು. ಜೇಡಿಮಣ್ಣಿನಲ್ಲಿ ತಲೆ ಮಾಡಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಂಟಿನಲ್ಲಿ ಅದ್ದಿದ ಬಟ್ಟೆ ಪಟ್ಟಿ ನಾಲ್ಕು ಪದರ ಹಚ್ಚಿ. ಪದರದಿಂದ ಪದರಕ್ಕೆ ನೆರಳಲ್ಲಿ ಒಣಗಬೇಕು. ನಾನು ಬಿಸಿಲಿಗೆ ಇಟ್ಟಿದ್ದನ್ನು ನೋಡಿ ಕಿನ್ನಾಳದ ಹಿರಿಯರೊಬ್ಬರು ಹೇಳಿದ್ದು: “ತಮ್ಮಾ, ಅವಸರ ಮಾಡಬ್ಯಾಡ. ಬಿಸಲಾಗ ಇಟ್ಟರ ಸೀಳು ಬಿಡ್ತೈತಿ.” ಸೀಳು ಬಿಟ್ಟಿತ್ತು. ಪೂರ್ತಿ ಒಣಗಿದ ಮೇಲೆ ಎರಡು ಹೋಳು ಮಾಡಿ ಮಣ್ಣು ತೆಗೆದರೆ, ಕುಂಬಳ ಬೀಜದ ಸಿಪ್ಪೆಯಷ್ಟು ಹಗುರವಾದ ತಲೆ ಕೈಗೆ ಬರುತ್ತದೆ. ಬೆರಳಲ್ಲಿ ತಟ್ಟಿದರೆ ಟಕ್ ಅನ್ನುತ್ತದೆ.

ಗರಿಗೆ ಬಟ್ಟೆಯನ್ನೇ ಕತ್ತರಿಸಿ, ಬಾಲದಿಂದ ಶುರು ಮಾಡಿ ತಲೆಯ ಕಡೆ ಹೆಂಚು ಹೊದಿಸಿದ ಹಾಗೆ ಅಂಟಿಸಿ. ಕತ್ತಿನ ಸುತ್ತ ಅಂಟು ಹಾಕದೆ ಸಡಿಲ ಬಿಡಿ, ಇಲ್ಲವಾದರೆ ತಿರುಗುವಾಗ ಎಳೆಯುತ್ತದೆ. ಹೊಲದಲ್ಲಿ ಬಿದ್ದ ನಿಜ ಗರಿ ತರಬೇಡಿ. ಈ ಹಕ್ಕಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಆಡಿಸುವುದು

ಆರ್ಡುಯಿನೊದ ಜೊತೆ ಬರುವ ಸ್ವೀಪ್ ಎಂಬ ಉದಾಹರಣೆ ಪ್ರೋಗ್ರಾಂ ಸರ್ವೋ ಪರೀಕ್ಷೆಗೆ ಒಳ್ಳೆಯದು. ಅದನ್ನೇ ಹಕ್ಕಿಗೆ ಹಾಕಿದರೆ ಟೇಬಲ್ ಫ್ಯಾನ್ ಆಗುತ್ತದೆ. ನಾನು ಹೀಗೆ ಮಾಡಿದೆ: 60ರಿಂದ 120 ಡಿಗ್ರಿ ನಡುವೆ ಯಾವುದೋ ಒಂದು ಕೋನ ಆರಿಸು, ಒಂದೇ ಏಟಿಗೆ ಅಲ್ಲಿಗೆ ತಿರುಗು, ಎರಡರಿಂದ ಆರು ಸೆಕೆಂಡ್ ಸುಮ್ನಿರು. ಕಾಯುವ ಹೊತ್ತು ಪ್ರತಿ ಸಲ ಬೇರೆ ಇರಲಿ, ಅದಕ್ಕೆ ರ್‍ಯಾಂಡಮ್ ಆಜ್ಞೆ ಇದೆ. ಕತ್ತು ನಾಲ್ಕು ಸಲ ತಿರುಗಿದರೆ ಬಾಲ ಒಂದು ಸಲ ಅಲ್ಲಾಡಲಿ, ಕೊಕ್ಕು ಅದಕ್ಕಿಂತ ಅಪರೂಪಕ್ಕೆ. ನಿಂತಾಗ ಸರ್ವೋ ಗುಂಯ್ ಅಂದರೆ ಡಿಟ್ಯಾಚ್ ಆಜ್ಞೆ ಕೊಡಿ. ಸದ್ದು ನಿಲ್ಲುತ್ತದೆ. ತಲೆ ಹಗುರ ಇದ್ದರೆ ಗೇರಿನ ಬಿಗಿಯಲ್ಲೇ ನಿಲ್ಲುತ್ತದೆ.

ಯಾರಾದರೂ ಬಂದಾಗ ಮಾತ್ರ ಹಕ್ಕಿ ತಿರುಗಿ ನೋಡಬೇಕಾದರೆ ಒಂದು ಪಿಐಆರ್ ಸೆನ್ಸರ್ (ಮೈಯ ಬಿಸಿಯಿಂದ ಜನರ ಓಡಾಟ ಗುರುತಿಸುವ ಸಾಧನ) ಸೇರಿಸಿ. ಅದಕ್ಕೆ ಕರೆಂಟ್ ಬಂದಮೇಲೆ ಸುಧಾರಿಸಿಕೊಳ್ಳಲು ಒಂದು ನಿಮಿಷ ಬೇಕು. ಹಾಗಾಗಿ ಕರೆಂಟ್ ಹೋಗಿ ಬಂದ ಕೂಡಲೇ ಹಕ್ಕಿ ಕಂಡಕಂಡಲ್ಲಿ ತಿರುಗಿದರೆ ಗಾಬರಿಯಾಗಬೇಡಿ. ಪ್ರೋಗ್ರಾಂನ ಮೊದಲಲ್ಲೇ 60 ಸೆಕೆಂಡ್ ಕಾಯುವ ಒಂದು ಸಾಲು ಬರೆದುಬಿಡಿ.