ಯುದ್ಧ ಮುಗಿದ ಮೇಲಿನ ಅಕ್ಕಿ ಲೆಕ್ಕ: ಮಲಯದ ಹಳೆ ಫೈಲು ಬಿಡಿಸುವುದು ಹೇಗೆ

1945ರ ಸೆಪ್ಟೆಂಬರ್‌ನಲ್ಲಿ ಜಪಾನ್ ಸೋತ ಮೇಲೆ ಬ್ರಿಟಿಷ್ ಸೇನೆ ಮಲಯಕ್ಕೆ (ಇಂದಿನ ಮಲೇಷ್ಯಾದ ಪರ್ಯಾಯ ದ್ವೀಪದ ಕಡೆ) ಮರಳಿದಾಗ ಅಲ್ಲಿ ಅಕ್ಕಿಗೆ ಬರ. ಬಾಳೆಹಣ್ಣಿನ ದುಡ್ಡು ಅಂತ ಜನ ಕರೆಯುತ್ತಿದ್ದ, ಜಪಾನಿ ಆಳ್ವಿಕೆಯ ನೋಟು ರದ್ದಿ ಕಾಗದ ಆಗಿತ್ತು. ಸೇನಾ ಆಡಳಿತ ಹೊರಗಿನಿಂದ ಅಕ್ಕಿ ತರಿಸಿತು. 1946ರ ಏಪ್ರಿಲ್ 1ಕ್ಕೆ ಸೇನೆ ಕೈಬಿಟ್ಟಿತು, ಮಲಯನ್ ಯೂನಿಯನ್ ಮತ್ತು ಸಿಂಗಪುರ ಅಂತ ಎರಡು ಸರ್ಕಾರ ಬಂದವು. ಆಮೇಲೆ ಶುರು ನೋಡಿ: ಉಂಡ ಅಕ್ಕಿಯ ಬಿಲ್ಲು ಯಾರದು?

ಇಂಥ ಫೈಲು ಓದುವವರು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ವಸಾಹತು ಕಚೇರಿಯ ಕಟ್ಟು ಮಾತ್ರ ತೆಗೆಸಬೇಡಿ. ಯುದ್ಧ ಕಚೇರಿ, ಖಜಾನೆ, ಎರಡೂ ಬೇಕು. ಒಂದೇ ಕಡೆಯದು ಓದಿದರೆ ಅರ್ಧ ಜಗಳ ಮಾತ್ರ ಕೇಳಿಸುತ್ತದೆ.

ಮೊದಲು ತಾರೀಖು. ಮಾರ್ಚ್ 31ರ ರಾತ್ರಿಗೆ ಒಂದು ಗೆರೆ ಎಳೆದು ಅಕ್ಕಿಯನ್ನು ಮೂರು ಪಾಲು ಮಾಡಿ: ಮಾರಿ ಮುಗಿದದ್ದು, ಗೋದಾಮಿನಲ್ಲಿ ಉಳಿದದ್ದು, ಹಡಗಿನಲ್ಲಿ ಬರುತ್ತಿದ್ದದ್ದು. ತಲೆನೋವು ಮೂರನೆಯದೇ. ಹಡಗು ಹತ್ತಿದ್ದು ಮಾರ್ಚ್‌ನಲ್ಲಿ, ಇಳಿದದ್ದು ಏಪ್ರಿಲ್‌ನಲ್ಲಿ ಅಂದರೆ ಅದು ಸೇನೆಯದೋ ಹೊಸ ಸರ್ಕಾರದ್ದೋ? ಎರಡೂ ತಾರೀಖು ಬರೆದಿಡಿ, ನೀವೇ ತೀರ್ಪು ಕೊಡಲು ಹೋಗಬೇಡಿ. ಮಾರಿದ್ದಕ್ಕೆ ಇನ್ನೊಂದು ಪ್ರಶ್ನೆ ಇದೆ: ಪಡಿತರದ ದುಡ್ಡು ಯಾರ ಪೆಟ್ಟಿಗೆಗೆ ಬಿತ್ತು? ಅದನ್ನು ಜಮೆಗೆ ಹಿಡಿಯದಿದ್ದರೆ ಒಂದೇ ಚೀಲಕ್ಕೆ ಎರಡು ಸಲ ದುಡ್ಡು ಕೇಳಿದ ಹಾಗಾಗುತ್ತದೆ.

ಆಮೇಲೆ ತೂಕ. ನಾನು ಮುಗ್ಗರಿಸಿದ್ದು ಇಲ್ಲೇ. ಭಾರತದ ಕಾಗದದಲ್ಲಿ ಮಣ ಅಂತ ಕಂಡಿದ್ದೇ ನಮ್ಮ ಕಡೆಯ ಹಳೆ ಮಣ ಅಂದುಕೊಂಡು ಒಂದು ಸಂಜೆಯೆಲ್ಲ ತಪ್ಪು ಗುಣಾಕಾರ ಮಾಡಿದೆ. ಮದ್ರಾಸ್ ಮಣ ಸುಮಾರು 25 ಪೌಂಡು. ಸರ್ಕಾರಿ ಮಣ 82 ಪೌಂಡಿಗಿಂತ ಸ್ವಲ್ಪ ಜಾಸ್ತಿ, ಅಂದರೆ 37.3 ಕಿಲೋ. ಮೂರು ಪಟ್ಟು ವ್ಯತ್ಯಾಸ! ಟನ್ ಕೂಡ 1000 ಕಿಲೋ ಅಲ್ಲ. ಬ್ರಿಟಿಷ್ ಟನ್ 2240 ಪೌಂಡು, 1016 ಕಿಲೋ.

ಒಂದು ಲೆಕ್ಕ ಹಾಕಿ ನೋಡೋಣ. ದರ ಸುಮ್ನೆ ಉದಾಹರಣೆಗೆ. 100 ಬ್ರಿಟಿಷ್ ಟನ್ ಅಕ್ಕಿ, ಸರ್ಕಾರಿ ಮಣಕ್ಕೆ 12 ರೂಪಾಯಿ 8 ಆಣೆ (ರೂಪಾಯಿಗೆ 16 ಆಣೆ, ಆಣೆಗೆ 12 ಪೈ). 100 ಟನ್ ಅಂದರೆ ಸುಮಾರು 2722 ಮಣ. ಬಿಲ್ಲು 34,027 ರೂಪಾಯಿ 12 ಆಣೆ 5 ಪೈ. ಆಗ ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಹಾಗಾಗಿ ಬ್ರಿಟಿಷ್ ದುಡ್ಡಿನಲ್ಲಿ 2552 ಪೌಂಡು 1 ಶಿಲಿಂಗ್ 8 ಪೆನ್ಸ್ (ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್). ಮಲಯದ ಡಾಲರಿಗೆ 2 ಶಿಲಿಂಗ್ 4 ಪೆನ್ಸ್. ಭಾಗಿಸಿದರೆ ಸರಿಯಾಗಿ 21,875 ಡಾಲರ್. ಯಾವಾಗಲೂ ಹೀಗೆ ಮೂರೂ ನಾಣ್ಯದಲ್ಲಿ ಪಕ್ಕಪಕ್ಕ ಬರೆಯಿರಿ, ಯಾಕಂದರೆ ಒಂದು ಪತ್ರ ಪೌಂಡಿನಲ್ಲಿರುತ್ತದೆ, ಅದಕ್ಕೆ ಬಂದ ಉತ್ತರ ಡಾಲರಿನಲ್ಲಿ, ಮೊತ್ತ ಒಂದೇ ಅಂತ ಗೊತ್ತಾಗುವುದೇ ಇಲ್ಲ.

ಸಯಾಮಿನ (ಇಂದಿನ ಥಾಯ್ಲೆಂಡ್) ಅಕ್ಕಿ ಸಿಕ್ಕರೆ ಜೋಪಾನ. 1946ರ ಜನವರಿ 1ರ ಬ್ರಿಟನ್ ಜೊತೆಗಿನ ಒಪ್ಪಂದದಲ್ಲಿ ಸಯಾಮ್ ಹೆಚ್ಚೆಂದರೆ 15 ಲಕ್ಷ ಟನ್ ವರೆಗೆ ಅಕ್ಕಿಯನ್ನು ಪುಕ್ಕಟೆ ಕೊಡಬೇಕು ಅಂತಿತ್ತು. ಪುಕ್ಕಟೆ ಅಂದರೆ ಯಾರು ಕೊಡ್ತಾರೆ, ಅಲ್ವಾ? ಅದೇ ವರ್ಷ ದುಡ್ಡು ಕೊಟ್ಟು ಕೊಳ್ಳುವ ಮಾತಿಗೆ ಬಂದರು. ಆದ್ದರಿಂದ ದರದ ಕಾಲಂ ಖಾಲಿ ಇದ್ದರೆ ಗುಮಾಸ್ತ ಮರೆತ ಅಂದುಕೊಳ್ಳಬೇಡಿ, ತಾರೀಖು ನೋಡಿ.

ಕೊನೆಗೆ ಕೊರತೆ. ಗೋಣಿಚೀಲದ ತೂಕ ಕಳೆದಿದ್ದಾರಾ ಇಲ್ಲವಾ ನೋಡಿ. ಹರಿದ ಚೀಲ, ಇಲಿ, ಕಳ್ಳತನ ಎಲ್ಲವೂ ಕೊರತೆಯೇ, ಆದರೆ ಹಡಗಿನಲ್ಲಿ ಆದದ್ದು ಬೇರೆ, ಗೋದಾಮಿನಲ್ಲಿ ಆದದ್ದು ಬೇರೆ. ಎಷ್ಟು ಹುಡುಕಿದರೂ ತಾಳೆಯಾಗದ ಮೊತ್ತ ಉಳಿದರೆ ಬಲವಂತವಾಗಿ ಯಾರ ತಲೆಗೂ ಕಟ್ಟಬೇಡಿ. ಅನಾಮತ್ತು ಖಾತೆ (ಯಾರದೆಂದು ತೀರ್ಮಾನವಾಗದ ಮೊತ್ತ ಇಡುವ ಖಾತೆ) ಅಂತ ಹೊಸ ಹಾಳೆ ತೆರೆದು ಅದರಲ್ಲಿ ಹಾಕಿ, ಪಕ್ಕದಲ್ಲಿ ಪತ್ರದ ನಂಬರು ಬರೆಯಿರಿ. ಪೆನ್ಸಿಲ್‌ನಲ್ಲಿ.