ಮಾಂಸ ಆಮದಿನ ತನಿಖಾ ವರದಿಯನ್ನು ಓದುವ ಬಗೆ

ಆಮದು ಮಾಂಸದಿಂದ ದೇಶೀಯ ಉತ್ಪಾದಕರಿಗೆ ಹಾನಿಯಾಗಿದೆಯೇ ಎಂದು ಸರ್ಕಾರವೊಂದು ನಡೆಸಿದ ತನಿಖೆಯ ವರದಿ ಕೈಗೆ ಬಂದಾಗ, ಸುಂಕದ ಪ್ರಮಾಣಕ್ಕಿಂತ ಮೊದಲು 'ದೇಶೀಯ ಉದ್ಯಮ' ಎಂದು ಯಾರನ್ನು ಪರಿಗಣಿಸಲಾಗಿದೆ ಎಂಬುದನ್ನು ನೋಡಬೇಕು. 1999ರಲ್ಲಿ ಕುರಿಮರಿ ಮಾಂಸದ ಆಮದಿನ ಮೇಲೆ ಸುಂಕ-ಕೋಟಾ (ನಿಗದಿತ ಪ್ರಮಾಣ ಮೀರಿದ ಆಮದಿಗೆ ಹೆಚ್ಚಿನ ಸುಂಕ) ಹೇರಿದ ಅಮೆರಿಕ ಎಡವಿದ್ದು ಇಲ್ಲಿಯೇ: ಮಾಂಸ ಸಂಸ್ಕರಿಸುವವರ ಜೊತೆಗೆ ಜೀವಂತ ಮರಿಗಳನ್ನು ಸಾಕಿ ಕೊಬ್ಬಿಸುವವರನ್ನೂ ಒಂದೇ ಉದ್ಯಮವಾಗಿ ಎಣಿಸಿದ್ದನ್ನು, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ದೂರಿನ ಮೇರೆಗೆ, ವಿಶ್ವ ವಾಣಿಜ್ಯ ಸಂಸ್ಥೆಯ ಮೇಲ್ಮನವಿ ಮಂಡಳಿ 2001ರಲ್ಲಿ ಒಪ್ಪಲಿಲ್ಲ. ಆಮದಾಗುತ್ತಿದ್ದದ್ದು ಮಾಂಸ, ಕುರಿಯಲ್ಲ. ಸಾಕಣೆದಾರರಿಗೆ ಇದು ಕಠೋರವೆನಿಸಿದರೂ ತರ್ಕ ಸರಿಯಾಗಿಯೇ ಇದೆ.

ಬಳಿಕ ಆಮದು ಏರಿದ ಅವಧಿಯನ್ನು ಬೆಲೆ, ಉತ್ಪಾದನೆ, ಲಾಭ, ಉದ್ಯೋಗಗಳ ಅಂಕಿಅಂಶಗಳ ಪಕ್ಕದಲ್ಲಿಟ್ಟು ನೋಡಬೇಕು.

ಹಾನಿಗೆ ಆಮದೇ ಕಾರಣವೇ ಎಂದು ಚರ್ಚಿಸುವ ಕಾರಣಸಂಬಂಧದ ಅಧ್ಯಾಯವನ್ನಂತೂ ಎರಡು ಬಾರಿ ಓದುವುದು ಒಳ್ಳೆಯದು. ಕುರಿಮರಿ ಮಾಂಸದ ಪ್ರಕರಣದಲ್ಲಿ, ಅಲ್ಲಿನ ಉಣ್ಣೆ ಕಾಯ್ದೆಯಡಿ ಸಿಗುತ್ತಿದ್ದ ಸಹಾಯಧನ ನಿಂತದ್ದೂ ಅಮೆರಿಕದ ಉತ್ಪಾದಕರನ್ನು ಬಾಧಿಸಿತ್ತು. ಇಂಥ ಇತರ ಕಾರಣಗಳ ಪರಿಣಾಮವನ್ನು ಆಮದಿನ ಪರಿಣಾಮದಿಂದ ಬೇರ್ಪಡಿಸಿ ತೋರಿಸುವ ವಿವರಣೆ ವರದಿಯಲ್ಲಿ ಸಾಲದೆಂದು ಮಂಡಳಿ ಹೇಳಿತು. ಆಮದಿನ ಏರಿಕೆಗೆ 'ಅನಿರೀಕ್ಷಿತ ಬೆಳವಣಿಗೆ' (ಸುಂಕದ ಬಗ್ಗೆ ದೇಶ ಮಾತು ಕೊಟ್ಟಾಗ ಊಹಿಸಿರದ ಬದಲಾವಣೆ) ಕಾರಣವೆಂಬುದನ್ನು ವರದಿಯೇ ಸಾಬೀತುಪಡಿಸಿದೆಯೇ ಎಂದೂ ಹುಡುಕಬೇಕು. ಅಮೆರಿಕದ ವರದಿಯಲ್ಲಿ ಅದೂ ಇರಲಿಲ್ಲ. ಆ ಸುಂಕ-ಕೋಟಾ 2001ರ ನವೆಂಬರ್‌ನಲ್ಲಿ ಕೊನೆಗೊಂಡಿತು.