ಹಳೆಯ ವಿಮಾನದ ಹಾರಾಟ ನೋಡಲು ಹೋಗುವ ಮುನ್ನ

ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆದಾಗಲೆಲ್ಲ ಸಾವಿರಾರು ಮಂದಿ ಬಿಸಿಲಲ್ಲಿ ಕತ್ತೆತ್ತಿ ನಿಂತಿರುತ್ತಾರೆ. ಅವರಲ್ಲಿ ಕೆಲವರಿಗೆ ಯಾವುದೋ ಒಂದು ಗಳಿಗೆಯಲ್ಲಿ ಗಂಟಲು ಕಟ್ಟುತ್ತದೆ. ಕಣ್ಣಿಗೆ ಧೂಳು ಬಿತ್ತೆಂದು ಪಕ್ಕದವರಿಗೆ ಹೇಳಿ ಕರವಸ್ತ್ರ ತೆಗೆಯುವವರನ್ನು ನಾನು ಕಂಡಿದ್ದೇನೆ. ಯಂತ್ರವೊಂದು ಹಾರಿದ್ದಕ್ಕೆ ಅಳುವುದೆಂದರೇನು ಎಂಬ ಸಂಕೋಚ ಅವರದು. ಇನ್ನು ಕೆಲವರು ದಿನವಿಡೀ ನಿಂತು ಬಂದು, ಏನೂ ಅನ್ನಿಸಲಿಲ್ಲ, ಕಿವಿ ನೋವು ಬಂದದ್ದೇ ಲಾಭ ಎನ್ನುತ್ತಾರೆ. ಈ ಬರಹ ಇಬ್ಬರಿಗೂ ಸಲ್ಲುತ್ತದೆ. ಏನೂ ಅನ್ನಿಸದವರು ಕಲ್ಲು ಮನಸ್ಸಿನವರೇನಲ್ಲ. ಅವರಿಗೆ ಬೇಕಿದ್ದದ್ದು ಸ್ವಲ್ಪ ಸಿದ್ಧತೆ ಮಾತ್ರ.

ಮೊದಲ ಸಲ ಹೋದಾಗ ನಾನೂ ಆ ಗುಂಪಿನಲ್ಲಿಯೇ ಇದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಫೋನನ್ನು ಮುಖದ ಮುಂದೆ ಹಿಡಿದುಕೊಂಡು ನಿಂತೆ. ಮನೆಗೆ ಬಂದು ನೋಡಿದರೆ ನಲವತ್ತು ವಿಡಿಯೋಗಳಲ್ಲಿಯೂ ಇದ್ದದ್ದು ಬಿಳಿಯ ಆಕಾಶ, ಮೂಲೆಯಲ್ಲೊಂದು ಸಾಸಿವೆ ಕಾಳಿನಷ್ಟು ಚುಕ್ಕೆ ಮತ್ತು ನನ್ನದೇ ಉಸಿರಿನ ಸದ್ದು. ಮರುಸಲ ಫೋನನ್ನು ಚೀಲದಲ್ಲಿಟ್ಟೆ. ಈ ಬರಹದಿಂದ ಒಂದೇ ಒಂದು ಸಲಹೆಯನ್ನು ತೆಗೆದುಕೊಳ್ಳುವುದಾದರೆ ಅದನ್ನೇ ತೆಗೆದುಕೊಳ್ಳಿ.

ಒಂದೇ ವಿಮಾನವನ್ನು ಆರಿಸಿಕೊಳ್ಳಿ

ಪ್ರದರ್ಶನದಲ್ಲಿ ಹತ್ತಾರು ಬಗೆಯ ವಿಮಾನಗಳು ಹಾರುತ್ತವೆ. ಎಲ್ಲವನ್ನೂ ನೋಡುತ್ತೇನೆಂದು ಹೊರಟವರಿಗೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ಜಾತ್ರೆಯಲ್ಲಿ ನೂರು ಅಂಗಡಿ ಸುತ್ತಿ ಬರಿಗೈಯಲ್ಲಿ ಮರಳಿದಂತೆ ಆಗುತ್ತದೆ. ಹೋಗುವ ಮೊದಲೇ ಒಂದು ವಿಮಾನವನ್ನು ಆರಿಸಿ, ಅದರ ಚರಿತ್ರೆಯನ್ನು ಓದಿಕೊಂಡು ಹೋಗಿ. ಉಳಿದವು ಕಂಡಷ್ಟು ಕಾಣಲಿ.

ನಾನು ಆರಿಸಿಕೊಂಡದ್ದು ಡಕೋಟಾ. ನಮ್ಮ ವಾಯುಪಡೆ ಹಾರುವ ಸ್ಥಿತಿಗೆ ತಂದಿಟ್ಟುಕೊಂಡ ಹಳೆಯ ವಿಮಾನಗಳಲ್ಲಿ ಬಟ್ಟೆ ಹೊದಿಸಿದ ಜೋಡಿ ರೆಕ್ಕೆಯ ಟೈಗರ್ ಮಾತ್, ತರಬೇತಿಯ ಹಾರ್ವರ್ಡ್ ಮತ್ತು ಎರಡು ಎಂಜಿನ್ನಿನ ಸಾಗಣೆ ವಿಮಾನ ಡಕೋಟಾ ಸೇರಿವೆ. ಗುಜರಿ ಸೇರಬೇಕಿದ್ದ ಈ ಡಕೋಟಾವನ್ನು ಆಗ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. 2018ರ ಏಪ್ರಿಲ್‌ನಲ್ಲಿ ಅದು ಅಲ್ಲಿಂದ ಹಲವು ದೇಶಗಳಲ್ಲಿ ಇಳಿದು ಹತ್ತಿ ಭಾರತ ತಲುಪಿತು. ಅದಕ್ಕೆ ಇಟ್ಟ ಹೆಸರು ಪರಶುರಾಮ, ಬಾಲದ ಮೇಲಿನ ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರ ಬೆಳಿಗ್ಗೆ ಒಂದನೇ ಸಿಖ್ ಬೆಟಾಲಿಯನ್ನಿನ ಯೋಧರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾಗಳ ನೆನಪಿಗೆ ಆ ಸಂಖ್ಯೆಯನ್ನು ಬರೆಸಲಾಗಿದೆ.

ಇಷ್ಟು ತಿಳಿದರೇ ಸಾಕು, ಆದರೆ ಬೆಂಗಳೂರಿನವರಿಗೆ ಇನ್ನೂ ಹತ್ತಿರದ ನಂಟೊಂದು ಇದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಎರಡನೇ ಮಹಾಯುದ್ಧದ ನಡುವೆ ಅಮೆರಿಕದ ಸೇನೆಯ ದುರಸ್ತಿ ಕೇಂದ್ರವಾಗಿ ಮಾರ್ಪಟ್ಟಿತು. ಡಕೋಟಾಗಳು ಅಲ್ಲಿ ಬಿಚ್ಚಿ ಜೋಡಣೆಯಾಗುತ್ತಿದ್ದವು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಇಂದು ನೊರೆಗಾಗಿ ಹೆಸರಾದ ಅದೇ ಕೆರೆ. ಯುದ್ಧ ಮುಗಿದ ಮೇಲೆ ಮಿತ್ರಪಡೆಗಳು ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು, ಅವು ಮತ್ತೆ ಹಾರಬಾರದೆಂದು ಬೇಕೆಂದೇ ಹಾಳುಗೆಡವಲಾಗಿದ್ದರೂ, ತಾತ್ಕಾಲಿಕವಾಗಿ ರಿಪೇರಿ ಮಾಡಿ, ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಮುನ್ಷಿಯವರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಹಾಗೆ ತಂದು ನೇರ್ಪುಗೊಳಿಸಿದ ಆ ವಿಮಾನಗಳು ನಮ್ಮ ವಾಯುಪಡೆಯಲ್ಲಿ 1968ರವರೆಗೆ ಸೇವೆಯಲ್ಲಿದ್ದವು.

ಇದನ್ನೆಲ್ಲ ಓದಿಕೊಂಡು ನಿಂತವನಿಗೆ ತಲೆಯ ಮೇಲೆ ಹಾದುಹೋಗುವ ಡಕೋಟಾ ಬರಿಯ ಲೋಹದ ಹಕ್ಕಿಯಾಗಿ ಕಾಣುವುದಿಲ್ಲ. ಸ್ಪ್ಯಾನರ್ ಹಿಡಿದ ಯಾರದೋ ಅಜ್ಜನ ಕೈ ಕಾಣುತ್ತದೆ.

ಹಾರದಿರುವುದನ್ನು ಮೊದಲು ನೋಡಿ

ಪ್ರದರ್ಶನಕ್ಕೆ ಒಂದು ವಾರ ಮುಂಚೆ, ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಾರತ್‌ಹಳ್ಳಿಯ ಕಡೆಗಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಹೋಗಿಬನ್ನಿ. ಆಕಾಶದಲ್ಲಿ ಕಂಡ ವಿಮಾನದ ಗಾತ್ರ ಮನಸ್ಸಿಗೆ ಹತ್ತುವುದಿಲ್ಲ; ನೆಲದ ಮೇಲೆ ಅದರ ಮೂತಿಯ ಎದುರು ನಿಂತಾಗ ಹತ್ತುತ್ತದೆ. ಅಲ್ಲಿ ಮಾರುತ್ ಇದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರು ಇದೇ ಊರಿನಲ್ಲಿ ಕುಳಿತು ವಿನ್ಯಾಸಗೊಳಿಸಿದ ಈ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಅದರ ಮೈಕಟ್ಟಿಗೆ ತಕ್ಕ ಶಕ್ತಿಯ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ. ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿ 10ರಂದು ಮಾರುತ್‌ನ ಪರೀಕ್ಷಾ ಹಾರಾಟದಲ್ಲಿಯೇ ತೀರಿಕೊಂಡರು. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಬರುವ ದಾರಿಗೆ ಅವರ ಹೆಸರಿದೆ. ಪ್ರತಿ ಸಂಜೆ ಅಲ್ಲಿ ಸಿಗ್ನಲ್ಲಿಗೆ ಬೈಯುತ್ತ ನಿಲ್ಲುವವರಲ್ಲಿ ನಾನೂ ಒಬ್ಬ. ಫಲಕದ ಮೇಲಿನ ಹೆಸರು ಯಾರದೆಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಮಾರುತ್ ಇನ್ನು ಹಾರುವುದಿಲ್ಲ. ಹಾರದ ಒಂದನ್ನು ಕಣ್ಣಲ್ಲಿ ತುಂಬಿಕೊಂಡು ಹೋದರೆ, ಇನ್ನೂ ಹಾರುತ್ತಿರುವುದರ ಬೆಲೆ ತಿಳಿಯುತ್ತದೆ.

ಕಿವಿಯಿಂದ ನೋಡುವ ಕ್ರಮ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜೆಟ್ ವಿಮಾನವನ್ನೂ ಹಳೆಯ ಪ್ರೊಪೆಲ್ಲರ್ ವಿಮಾನವನ್ನೂ ಒಂದೇ ರೀತಿಯಲ್ಲಿ ನೋಡಲಾಗದು, ಏಕೆಂದರೆ ಅವುಗಳ ಸದ್ದು ನಿಮ್ಮನ್ನು ತಲುಪುವ ಬಗೆ ಬೇರೆ.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋಗುವ ಜೆಟ್‌ನ ಸದ್ದು ನಿಮ್ಮ ಕಿವಿ ಸೇರಲು ಮೂರು ಸೆಕೆಂಡು ಬೇಕು, ಅಷ್ಟರಲ್ಲಿ ವಿಮಾನ 700 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆಗೆ ತಿರುಗಿದವರಿಗೆ ಕಾಣುವುದು ಖಾಲಿ ಆಕಾಶ. ಆದ್ದರಿಂದ ತೇಜಸ್ ಅಥವಾ ಸುಖೋಯ್ ಬರುವಾಗ ಕಣ್ಣನ್ನು ಸದ್ದಿಗಿಂತ ಬಹಳ ಮುಂದಕ್ಕೆ ಒಯ್ಯಬೇಕು. ರನ್‌ವೇಯ ತುದಿಯಲ್ಲಿ, ಮರಗಳ ಸಾಲಿನ ಮೇಲೆ, ಸದ್ದಿಲ್ಲದೆ ಬೆಳೆಯುತ್ತಿರುವ ಕಪ್ಪು ಚುಕ್ಕೆಯನ್ನು ಹುಡುಕಬೇಕು. ಅದು ಮೌನವಾಗಿಯೇ ನಿಮ್ಮ ಮುಂದೆ ಹಾದುಹೋಗುತ್ತದೆ. ಆಮೇಲೆ ಸದ್ದು ಬಂದು ಎದೆಗೂಡಿಗೆ ಗುದ್ದುತ್ತದೆ. ಮೈ ಜುಮ್ಮೆನ್ನುವುದು ನಿಜ, ಆದರೆ ಅದರಲ್ಲಿ ಅರ್ಧ ಭಯ, ಮಗುವನ್ನು ಬೆಚ್ಚಿಬೀಳಿಸುವ ಬಗೆಯ ಭಯ.

ಡಕೋಟಾದ ವೇಗ ಇದರ ಮೂರನೇ ಒಂದು ಭಾಗವೂ ಇಲ್ಲ. ಅದು ಕಾಣುವ ಕಡೆಯಿಂದಲೇ ಕೇಳುತ್ತದೆ. ಕಾಯುವವನಿಗೆ ಬಸ್ಸಿನ ಸದ್ದು ತಿರುವಿನಲ್ಲೇ ಗೊತ್ತಾಗುವಂತೆ, ಅದರ ಎರಡು ಎಂಜಿನ್ನುಗಳ ಗುಂಯ್‌ಗುಟ್ಟುವಿಕೆ ದೂರದಿಂದಲೇ ಶುರುವಾಗಿ, ತಲೆಯ ಮೇಲೆ ದಟ್ಟವಾಗಿ, ಹೋದ ಮೇಲೂ ಬಹಳ ಹೊತ್ತು ಉಳಿಯುತ್ತದೆ. ಪ್ರತಿ ಎಂಜಿನ್ನಿನಲ್ಲಿ ಚಕ್ರದ ಅರಗಳಂತೆ ಸುತ್ತಲೂ ಜೋಡಿಸಿದ ಹದಿನಾಲ್ಕು ಸಿಲಿಂಡರುಗಳಿವೆ; ಎರಡು ಎಂಜಿನ್ನುಗಳು ಕೂದಲೆಳೆಯಷ್ಟು ಬೇರೆ ಲಯದಲ್ಲಿ ತಿರುಗಿದರೆ ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ. ಯಾರಾದರೂ ತಂಬೂರಿ ಶ್ರುತಿ ಮಾಡುತ್ತಿರುವಾಗ ಎರಡು ತಂತಿಗಳ ನಡುವೆ ಕೇಳುವ ಅಲೆಯನ್ನು ನೆನೆದುಕೊಂಡರೆ ಇದು ಅರ್ಥವಾಗುತ್ತದೆ. ಕಣ್ಣು ಮುಚ್ಚಿ ಆ ಏರಿಳಿತವನ್ನು ಎಣಿಸಿ. ನನ್ನ ಮಟ್ಟಿಗೆ ಗಂಟಲು ಕಟ್ಟುವುದು ಆಗಲೇ.

ಹಾರ್ವರ್ಡ್ ಬೇರೆ ಜಾತಿಯದು. ಮೇಲೇರುವಾಗ ಅದರ ಪ್ರೊಪೆಲ್ಲರಿನ ತುದಿ ಶಬ್ದದ ವೇಗವನ್ನು ಮುಟ್ಟುವುದರಿಂದ ಕರ್ಕಶವಾದ, ಗರಗಸದಂಥ ಸದ್ದು ಹೊರಡುತ್ತದೆ. ಮೊದಲ ಸಲ ಕೇಳಿದವರು ಏನೋ ಮುರಿಯಿತೆಂದೇ ತಿಳಿಯುತ್ತಾರೆ. ಟೈಗರ್ ಮಾತ್ ಹೊಲಿಗೆ ಯಂತ್ರದಂತೆ ಟಕಟಕ ಎನ್ನುತ್ತ ಹೋಗುತ್ತದೆ. ಎದುರುಗಾಳಿ ಇದ್ದರೆ ನಿಂತೇಬಿಟ್ಟಿತೇನೋ ಅನ್ನಿಸುತ್ತದೆ.

ಹಾರಾಟಕ್ಕಿಂತ ಮೊದಲಿನ ಹತ್ತು ನಿಮಿಷವನ್ನು ಖಂಡಿತ ತಪ್ಪಿಸಿಕೊಳ್ಳಬೇಡಿ. ನಿಂತ ಎಂಜಿನ್ನಿನ ಕೆಳಗಿನ ಸಿಲಿಂಡರುಗಳಿಗೆ ಎಣ್ಣೆ ಇಳಿದಿರುವುದರಿಂದ, ಚಾಲೂ ಮಾಡುವ ಮುನ್ನ ಪ್ರೊಪೆಲ್ಲರನ್ನು ಕೈಯಿಂದಲೇ ಕೆಲವು ಸುತ್ತು ತಿರುಗಿಸುತ್ತಾರೆ. ಬಾವಿಯ ರಾಟೆ ಎಳೆಯುವವರಂತೆ ಮೆಕ್ಯಾನಿಕ್‌ಗಳು ಒಂದೊಂದೇ ಅಲಗನ್ನು ಹಿಡಿದು ತಳ್ಳುತ್ತಾರೆ. ಆಮೇಲೆ ಒಂದು ಕೆಮ್ಮು, ನೀಲಿಬಿಳಿ ಹೊಗೆಯ ಒಂದು ಮುದ್ದೆ, ಮತ್ತೆ ಮೌನ, ಇನ್ನೊಂದು ಕೆಮ್ಮು. ಕೊನೆಗೆ ಎಲ್ಲ ಸಿಲಿಂಡರುಗಳೂ ಒಂದೊಂದಾಗಿ ಎಚ್ಚರಗೊಂಡು ಲಯಕ್ಕೆ ಬರುತ್ತವೆ. ಹಳೆಯ ಕಾಲದ ಮನುಷ್ಯರೊಬ್ಬರು ಬೆಳಿಗ್ಗೆ ಎದ್ದು ಗಂಟಲು ಸರಿಮಾಡಿಕೊಂಡಂತಿರುತ್ತದೆ ಅದು.

ನಿಲ್ಲುವ ಜಾಗ, ಬಿಸಿಲು, ಕಿವಿ

ಇವು ಸಣ್ಣ ವಿಷಯಗಳು, ಆದರೆ ತಲೆನೋವು ಬಂದವನಿಗೆ ಯಾವ ಭಾವವೂ ಬಾರದು. ಫೆಬ್ರವರಿಯ ಯಲಹಂಕದಲ್ಲಿ ನೆರಳೆಂಬುದಿಲ್ಲ: ಅಗಲ ಅಂಚಿನ ಟೋಪಿ, ನೀರು, ಹತ್ತಿಯ ಬಟ್ಟೆ ಇರಲಿ. ಒಳಗೆ ಏನನ್ನು ಬಿಡುತ್ತಾರೆಂಬುದನ್ನು ಟಿಕೆಟ್ಟಿನ ಜೊತೆಗಿನ ಸೂಚನೆಯಲ್ಲಿ ಓದಿಕೊಳ್ಳಿ. ಸಾಧ್ಯವಾದಷ್ಟೂ ಸೂರ್ಯ ಬೆನ್ನ ಹಿಂದಿರುವಂತೆ ನಿಲ್ಲಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಸಾಕು. ಅದಕ್ಕಿಂತ ಶಕ್ತಿಯದು ಕೈಯಲ್ಲಿ ನಡುಗುತ್ತದೆ, ಮತ್ತು ಯಾವುದನ್ನೇ ಆದರೂ ಸೂರ್ಯನತ್ತ ತಿರುಗಿಸಬಾರದು. ಜೆಟ್‌ಗಳಿಗೆ ಇಯರ್ ಪ್ಲಗ್ ಹಾಕಿಕೊಳ್ಳಿ, ಮಕ್ಕಳಿಗಂತೂ ಕಡ್ಡಾಯ; ಡಕೋಟಾ ಬಂದಾಗ ತೆಗೆಯಿರಿ. ವಾಹನ ನಿಲ್ಲಿಸುವ ಕಡೆ ಒಣ ಹುಲ್ಲಿದ್ದರೆ ಎಚ್ಚರ: 2019ರ ಪ್ರದರ್ಶನದ ವೇಳೆ ಪಾರ್ಕಿಂಗ್ ಜಾಗದಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು.

ಹದ್ದುಗಳನ್ನೂ ಗಮನಿಸಿ. ಪ್ರದರ್ಶನದ ದಿನಗಳಲ್ಲಿ ಸುತ್ತಲಿನ ಹಲವು ಕಿಲೋಮೀಟರ್ ಪ್ರದೇಶದಲ್ಲಿ ಮಾಂಸದ ಅಂಗಡಿಗಳನ್ನು ಮುಚ್ಚಿಸುವುದು ಅವುಗಳಿಗಾಗಿಯೇ, ಎಸೆದ ತುಣುಕಿಗೆ ಬಂದ ಹದ್ದು ಎಂಜಿನ್ನಿಗೆ ಸಿಕ್ಕಿದರೆ ಅನಾಹುತ. ಆದರೂ ಎರಡು ಪ್ರದರ್ಶನಗಳ ನಡುವಿನ ಬಿಡುವಿನಲ್ಲಿ ಒಂದೆರಡು ಹದ್ದುಗಳು ರನ್‌ವೇಯ ಬಿಸಿಗಾಳಿ ಹಿಡಿದು ರೆಕ್ಕೆ ಬಡಿಯದೆ ಸುತ್ತುತ್ತಿರುತ್ತವೆ. ಅವಕ್ಕೆ ಟಿಕೆಟ್ಟಿಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇಷ್ಟೆಲ್ಲ ಕಷ್ಟವಿಲ್ಲ. ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್‌ನಲ್ಲಿ ಅಥವಾ ಬೆಡ್‌ಫರ್ಡ್‌ಷೈರಿನ ಓಲ್ಡ್ ವಾರ್ಡನ್‌ನಲ್ಲಿ ಬೇಸಿಗೆಯ ಒಂದು ಭಾನುವಾರ ಹುಲ್ಲಿನ ಮೇಲೆ ಕುಳಿತು ಎರಡನೇ ಮಹಾಯುದ್ಧದ ಯುದ್ಧವಿಮಾನ ಸ್ಪಿಟ್‌ಫೈರ್ ನೋಡಬಹುದು. ಹಾರುವ ಸ್ಥಿತಿಯಲ್ಲಿರುವ ಲ್ಯಾಂಕಾಸ್ಟರ್ ಬಾಂಬರ್‌ಗಳು ಜಗತ್ತಿನಲ್ಲಿ ಎರಡೇ. ಒಂದು ಬ್ರಿಟನ್ನಿನದು, ಇನ್ನೊಂದು ಕೆನಡಾದ್ದು.

ಕಣ್ಣು ತುಂಬಿದಾಗ

ಒಂದು ಪ್ರಶ್ನೆ ಬಂದೇ ಬರುತ್ತದೆ: ಇವು ಕೊಲ್ಲುವ ಯಂತ್ರಗಳಲ್ಲವೇ, ಇವನ್ನು ನೋಡಿ ಕರಗುವುದು ಸರಿಯೇ? ಈ ಪ್ರಶ್ನೆಯನ್ನು ಹೊಸ್ತಿಲಲ್ಲೇ ಬಿಟ್ಟು ಹೋಗಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ಕೊಡಗಿನ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು, ತಮಗಿಂತ ಬಹಳ ವೇಗದ ಶತ್ರುವಿಮಾನ ಸ್ಟಾರ್‌ಫೈಟರನ್ನು ಎದುರಿಸಿ ಕೆಡವಿದರು, ಮರಳಿ ಬರಲಿಲ್ಲ. ಅವರ ಸಾಹಸ ಖಚಿತವಾಗಿ ಗೊತ್ತಾಗಿ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಬೀದರಿನ ನೆಲೆಯಿಂದ ಬರುವ ಸೂರ್ಯಕಿರಣ ತಂಡ ಆಕಾಶದಲ್ಲಿ ಬಣ್ಣದ ಹೊಗೆ ಎಳೆಯುವಾಗ ಚಪ್ಪಾಳೆ ತಟ್ಟುವ ನಾವು, 2019ರ ಫೆಬ್ರವರಿ 19ರಂದು ಇದೇ ಯಲಹಂಕದಲ್ಲಿ ಅಭ್ಯಾಸದ ವೇಳೆ ಆ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಸತ್ತದ್ದನ್ನೂ ನೆನೆಯಬೇಕಾಗುತ್ತದೆ. ಸಂತೋಷವೂ ಸಂಕಟವೂ ಒಟ್ಟಿಗೇ ಬರುವುದಾದರೆ ಬರಲಿ. ಒಂದನ್ನು ಹೊರದಬ್ಬಿದರೆ ಉಳಿಯುವುದು ಬರೀ ಜೈಕಾರ, ಇನ್ನೊಂದನ್ನು ಹೊರದಬ್ಬಿದರೆ ಬರೀ ಉಪದೇಶ.

ಜೊತೆಯಲ್ಲಿ ಹಿರಿಯರಿದ್ದರೆ ಅವರನ್ನು ಮಾತಾಡಿಸಲು ಅವಸರಪಡಬೇಡಿ. ಒಮ್ಮೆ ನನ್ನ ಪಕ್ಕದಲ್ಲಿ ಒಬ್ಬ ಯಜಮಾನರು ನಿಂತಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರೆಂದು ಆಮೇಲೆ ತಿಳಿಯಿತು. ಜೆಟ್‌ಗಳು ಹಾರುವಷ್ಟು ಹೊತ್ತೂ ಅವರು ಕಡಲೆಕಾಯಿ ಬಿಡಿಸುತ್ತಿದ್ದರು. ಡಕೋಟಾ ಬಂದಾಗ ಪೊಟ್ಟಣವನ್ನು ಜೇಬಿಗಿಳಿಸಿ ಟೋಪಿ ತೆಗೆದರು. ಅದು ಇಳಿದು, ಓಡಿ, ನಿಂತು, ಎರಡೂ ಪ್ರೊಪೆಲ್ಲರುಗಳು ತಡವರಿಸುತ್ತ ಸ್ತಬ್ಧವಾಗುವವರೆಗೆ ಒಂದು ಮಾತೂ ಆಡಲಿಲ್ಲ.

ಆಮೇಲೆ ನನ್ನ ದುರ್ಬೀನನ್ನು ಕೇಳಿ ಪಡೆದು ಬಹಳ ಹೊತ್ತು ನೋಡಿದರು. ಏನು ಕಾಣುತ್ತದೆ ಸಾರ್ ಎಂದು ಕೇಳಿದೆ. “ಎಂಜಿನ್ ಕೆಳಗೆ ಟ್ರೇ ಇಡುತ್ತಿದ್ದಾರೆ,” ಎಂದರು. “ಎಣ್ಣೆ ತೊಟ್ಟಿಕ್ಕುತ್ತದೆ ನೋಡಿ. ತೊಟ್ಟಿಕ್ಕಲಿಲ್ಲ ಅಂದರೆ ಒಳಗೆ ಎಣ್ಣೆಯೇ ಇಲ್ಲ ಅಂತ ಅರ್ಥ.” ದುರ್ಬೀನನ್ನು ಹಿಂದಿರುಗಿಸುವಾಗ ಅದರ ಗಾಜು ಒದ್ದೆಯಾಗಿತ್ತು. ನಾನು ಒರೆಸಿಕೊಳ್ಳಲಿಲ್ಲ, ಹಾಗೆಯೇ ಚೀಲಕ್ಕೆ ಹಾಕಿಕೊಂಡೆ.